ಆನ್‌ಲೈನ್ ಪಾಠಕ್ರಮಕ್ಕೆ ಬೋಧಕರು ಮಾಡಿಕೊಳ್ಳತಕ್ಕ ಸಿದ್ಧತೆ

ಬೇಸಾಯಗಾರರಿಗೆ ಹೊಸ ವಿಷಯವೊಂದನ್ನು ತಿಳಿಸುವುದಕ್ಕೆ ಅವರ ಹೊಲ ತೋಟಗಳಿಗೇ ಹೋಗಿ, ಕೈಯಾರೆ ಮಾಡಿ ತೋರಿಸುವುದಕ್ಕಿಂತ ಉತ್ತಮವಾದ ಮಾರ್ಗವಿಲ್ಲವೆಂಬುದು ವ್ಯವಸಾಯ ಶಿಕ್ಷಣದಲ್ಲಿ ತೊಡಗಿದವರೆಲ್ಲರೂ ಬಲ್ಲ ಸಂಗತಿ. ಆದರೆ ತೋಟಗಳು ಬಹಳ, ತೋರಿಸತಕ್ಕವರು ಕೆಲವರೇ. ಮಲೆನಾಡಿನಲ್ಲಿ ಒಂದು ಹಳ್ಳಿಯಿಂದ ಮತ್ತೊಂದು ಹಳ್ಳಿಗೆ ಹೋಗಿ ಬರುವುದರಲ್ಲಿಯೇ ಒಂದು ದಿನ ಕಳೆದುಹೋಗುವುದುಂಟು. ಆದುದರಿಂದ ಮೊಬೈಲ್ ಫೋನಿನ ಮೂಲಕ, ಅವರವರ ಮನೆಯಲ್ಲಿಯೇ ಕುಳಿತು ಕೇಳತಕ್ಕ ಪಾಠಕ್ರಮಗಳು ಈಗ ಬಳಕೆಗೆ ಬಂದಿವೆ. ೨೦೨೦ನೆಯ ಇಸವಿಯಲ್ಲಿ ಕೋವಿಡ್ ಬೇನೆಯ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಈ ಪದ್ಧತಿಯು ಹಳ್ಳಿಹಳ್ಳಿಗೂ ಪರಿಚಯವಾಯಿತು. ಇಂತಹ ಪಾಠಕ್ರಮವನ್ನು ನಡೆಸಲು ಒಪ್ಪಿಕೊಂಡ ಅಧಿಕಾರಿಗಳೂ ಅನುಭವಸ್ಥ ರೈತರೂ ಪಾಠ ಆರಂಭವಾಗುವುದಕ್ಕೆ ಮುಂಚೆ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಈ ಲೇಖನದಲ್ಲಿ ವಿವರಿಸಿದೆ.

ದೂರದಿಂದ ಕಲಿಸುವ ಪ್ರಯತ್ನವು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ೧೯೫೬ರಲ್ಲಿ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ರೈತರು ಒಂದೆಡೆ ಕುಳಿತು ರೇಡಿಯೋ ಕೇಳಿ, ಕೇಳಿದುದನ್ನು ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವ ಏರ್ಪಾಡಾಯಿತು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಲಾಯಿತು. ಆ ಆರರಲ್ಲಿ ಕರ್ನಾಟಕವೂ ಒಂದು. ೨೦೦೪ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನಲ್ಲಿ ರೈತರ ಪ್ರಶ್ನೆಗಳಿಗೆ ಕನ್ನಡದಲ್ಲಿಯೂ ಉತ್ತರ ದೊರೆಯುವುದು. ೨೦೦೬ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಯಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಯೋಜನೆಯವರು ಆಯಾ ಊರಿನ ರೈತರನ್ನೇ ಚಿತ್ರಿಸಿ, ಆ ಚಿತ್ರಗಳನ್ನು ನೆರೆಯ ರೈತರಿಗೆ ತೋರಿಸಿದರು. ಚಿತ್ರವನ್ನು ಸುಮ್ಮನೆ ಓಡಿಸಿಬಿಡದೆ, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಊರಿನ ಮನುಷ್ಯನೊಬ್ಬನನ್ನು ಅಲ್ಲಿ ಇಟ್ಟಿದ್ದರೆಂಬುದು ಗಮನಿಸತಕ್ಕ ಅಂಶ. ಯಂತ್ರವು ಮಾತನ್ನು ಸಾಗಿಸುವುದು. ಕಲಿಕೆಯನ್ನು ಸಾಗಿಸುವವರು ಮನುಷ್ಯರೇ.

ಮಾತು ಸ್ಪಷ್ಟವಾಗುವುದಕ್ಕಾಗಿ ಒಂದು ಪಾಠಕ್ರಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತಯಾರಿಸಿ ಸಿಂಪಡಿಸುವುದನ್ನು ಮಲೆನಾಡಿನ ಮತ್ತು ಕರಾವಳಿಯ ತೋಟಗಾರರಿಗೆ ಆನ್‌ಲೈನಿನಲ್ಲಿ ಕಲಿಸಬೇಕಾಗಿದೆಯೆಂದು ಭಾವಿಸೋಣ. ಈ ದ್ರಾವಣವು ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದ್ರಾಕ್ಷಿಯ ಬೂಜುರೋಗಕ್ಕೆ ಮದ್ದಾಗಿ ೧೮೮೫ರಲ್ಲಿ ಪ್ರಸಿದ್ಧಿಗೆ ಬಂದಿತು. ೧೯೦೮ರಲ್ಲಿ ಕೆನಡ ದೇಶದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದು, ೧೯೧೩ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಕೊಳೆರೋಗದ ಕಾರಣವನ್ನು ಪರಿಶೋಧಿಸಿ, ಅಡಕೆಯ ಗೊನೆಗಳಿಗೆ ಈ ದ್ರಾವಣವನ್ನು ಸಿಂಪಡಿಸುವುದರಿಂದ ರೋಗವನ್ನು ತಡೆಯಬಹುದೆಂದು ತೋರಿಸಿಕೊಟ್ಟರು. ನೂರು ವರ್ಷಗಳು ಕಳೆದರೂ ಈ ಮದ್ದು ಬಳಕೆಯಲ್ಲಿಯೇ ಇದೆ. ಆದರೆ ತಯಾರಿಕೆಯಲ್ಲಿ ತಪ್ಪಿದರೆ ಹಣವೂ ಶ್ರಮವೂ ವ್ಯರ್ಥವಾಗುವುದಲ್ಲದೆ, ಆ ವರ್ಷದ ಫಸಲು ಆಷಾಢದ ಮಳೆಯಲ್ಲಿ ಮರದ ಬುಡಕ್ಕೆ ಉದುರಿಬೀಳುವುದು. ಹೀಗೆ ಕಲಿಸುವವರ ಹೊಣೆಯು ಸಾಮಾನ್ಯವಾದುದಲ್ಲ.

೧. ಉದ್ದೇಶ ನಿರ್ಣಯ

ಮೊದಲು ಮಾಡಬೇಕಾದುದು ಪಾಠಗಳ ಪಟ್ಟಿಯಲ್ಲ. ಪಾಠಕ್ರಮದ ಕೊನೆಯ ದಿನದಂದು ಕಲಿತವನು ಏನನ್ನು ಮಾಡಬಲ್ಲವನಾಗಿರಬೇಕೆಂಬುದನ್ನು ಒಂದೆರಡು ವಾಕ್ಯಗಳಲ್ಲಿ ಬರೆದುಕೊಳ್ಳುವುದು. "ಕೊಳೆರೋಗದ ವಿಷಯವನ್ನು ತಿಳಿಸುವುದು" ಎಂದು ಬರೆದುಕೊಂಡರೆ ಎಷ್ಟು ತಿಳಿಸಿದರೂ ಮುಗಿಯುವುದಿಲ್ಲ. ಅದಕ್ಕೆ ಬದಲಾಗಿ ಹೀಗೆ ಬರೆದುಕೊಳ್ಳಬಹುದು: ಕಲಿತವನು ಶೇಕಡ ಒಂದರ ಬೋರ್ಡೋ ದ್ರಾವಣವನ್ನು ತಾನೇ ತಯಾರಿಸಬೇಕು, ಅದು ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ತಾನೇ ಪರೀಕ್ಷಿಸಬೇಕು, ಮುಂಗಾರು ಹಿಡಿಯುವುದರೊಳಗಾಗಿ ಗೊನೆಗಳಿಗೆ ಸಿಂಪಡಿಸುವ ಏರ್ಪಾಡು ಮಾಡಿಕೊಂಡಿರಬೇಕು. ಈ ಮೂರಕ್ಕೆ ಸಹಾಯವಾಗದ ಸಂಗತಿಯು ಎಷ್ಟೇ ಸ್ವಾರಸ್ಯವಾಗಿದ್ದರೂ ಅದನ್ನು ಬಿಟ್ಟುಬಿಡತಕ್ಕದ್ದು. ರೋಗಕಾರಕವಾದ ಸೂಕ್ಷ್ಮಜೀವಿಯ ಜಾತಿ ಉಪಜಾತಿಗಳ ವಿವರ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಬೇಕು. ಎಳೆಗಾಯಿಯ ತೊಟ್ಟಿನ ಬಳಿ ಕಾಣುವ, ನೀರು ಕುಡಿದಂತಹ ಕಡುಹಸುರು ಕಲೆಯ ಗುರುತು ತೋಟಗಾರನಿಗೆ ಬೇಕು.

೨. ಕಲಿಯುವವರ ಪರಿಚಯ

ಎರಡನೆಯದಾಗಿ, ಹೆಸರು ಕೊಟ್ಟವರಲ್ಲಿ ಹತ್ತು ಮಂದಿಗಾದರೂ ಮುಂಚಿತವಾಗಿ ಫೋನು ಮಾಡಿ ಮಾತನಾಡಬೇಕು. ಮನೆಯಲ್ಲಿ ಸ್ಮಾರ್ಟ್‌ಫೋನು ಎಷ್ಟಿವೆ? ಅದು ಹಗಲು ಯಾರ ಕೈಯಲ್ಲಿರುವುದು? ಸಿಗ್ನಲ್ ಮನೆಯೊಳಗೆ ಸಿಕ್ಕುವುದೋ, ಗುಡ್ಡದ ಮೇಲೆ ಹೋಗಬೇಕೋ? ಗಾಳಿಮಳೆ ಬಂದರೆ ವಿದ್ಯುತ್ತು ಎಷ್ಟು ಹೊತ್ತು ಇರುವುದಿಲ್ಲ? ಹಾಲು ಕರೆದು, ಊಟ ಮುಗಿಸಿ ಬಿಡುವಾಗುವುದು ಯಾವ ಹೊತ್ತಿಗೆ? ಹಿಂದೆ ಬೋರ್ಡೋ ಹೊಡೆಸಿದ್ದಾರೆಯೇ, ಹೊಡೆಸಿದ್ದರೆ ಪ್ರಯೋಜನ ಕಂಡಿತೇ? ಈ ಪ್ರಶ್ನೆಗಳಿಗೆ ಬರುವ ಉತ್ತರಗಳಿಂದ ಪಾಠದ ಹೊತ್ತು, ಉದ್ದ, ರೀತಿ ಇವೆಲ್ಲವೂ ತಾವಾಗಿಯೇ ನಿರ್ಧಾರವಾಗುವುವು.

ಇಲ್ಲಿ ಬಹು ಮುಖ್ಯವಾದ ವಿಷಯವೊಂದಿದೆ. ಪಾಠಕ್ಕೆ ಹೆಸರು ಕೊಡುವವನು ತೋಟದ ಯಜಮಾನ. ಅನೇಕ ಕಡೆಗಳಲ್ಲಿ ಸುಣ್ಣ, ಮೈಲುತುತ್ತಗಳನ್ನು ಕದಡುವವರು ಆಳುಗಳು. ಮರದ ತುದಿಯಲ್ಲಿ ನಿಂತು ಸಿಂಪಡಿಸುವವನು ಕೊನೆಗಾರ. ಫೋನು ಒಬ್ಬರ ಕೈಯಲ್ಲಿ, ಕೆಲಸ ಮತ್ತೊಬ್ಬರ ಕೈಯಲ್ಲಿ ಹೀಗಿದ್ದರೆ ಪಾಠವು ನಡುವೆಯೇ ನಿಂತುಹೋಗುವುದು. ಆದುದರಿಂದ ದ್ರಾವಣ ತಯಾರಿಕೆಯ ದಿನ ಕದಡುವವರನ್ನೂ ಕೊನೆಗಾರರನ್ನೂ, ನೀರು ತುಂಬಿಕೊಡುವ ಹೆಂಗಸರನ್ನೂ ಫೋನಿನ ಮುಂದೆ ಕೂರಿಸಿಕೊಳ್ಳಬೇಕೆಂದು ಯಜಮಾನರಿಗೆ ಮೊದಲೇ ತಿಳಿಸತಕ್ಕದ್ದು.

೩. ಪಾಠಗಳ ವಿಂಗಡಣೆ

ಎದುರಿಗೆ ಕುಳಿತವರಿಗೆ ಒಂದು ಗಂಟೆ ಉಪನ್ಯಾಸ ಮಾಡಿದರೆ ಕೇಳುವರು. ಫೋನಿನ ಪುಟ್ಟ ತೆರೆಯನ್ನು ಅಷ್ಟು ಹೊತ್ತು ನೋಡುವವರು ವಿರಳ. ಎಡೆಕ್ಸ್ ಎಂಬ ಸಂಸ್ಥೆಯ ನಾಲ್ಕು ಪಾಠಕ್ರಮಗಳ ವೀಡಿಯೊಗಳನ್ನು ಜನರು ನೋಡಿದ ಸುಮಾರು ೬೯ ಲಕ್ಷ ಸಲದ ದಾಖಲೆಗಳನ್ನು ಪರಿಶೀಲಿಸಿ ೨೦೧೪ರಲ್ಲಿ ವಿದ್ವಾಂಸರು ಪ್ರಕಟಿಸಿದ ವರದಿಯಲ್ಲಿ, ಆರು ನಿಮಿಷಕ್ಕಿಂತ ಉದ್ದವಾದ ವೀಡಿಯೊಗಳನ್ನು ನೋಡುವವರು ನಡುವೆಯೇ ಬಿಟ್ಟುಬಿಡುವುದು ಹೆಚ್ಚೆಂದು ಕಂಡುಬಂದಿತು. ಅವರು ವಿಶ್ವವಿದ್ಯಾನಿಲಯದ ಮಟ್ಟದ ಕಲಿಕೆದಾರರು. ದಿನವೆಲ್ಲ ತೋಟದಲ್ಲಿ ದುಡಿದು ದಣಿದವರ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಅವಶ್ಯಕ.

ಆದುದರಿಂದ ಪಾಠವನ್ನು ಎರಡು ಭಾಗವಾಗಿ ವಿಂಗಡಿಸುವುದು ಉತ್ತಮ. ಮಾಡಿ ತೋರಿಸುವ ಭಾಗವನ್ನು ಐದಾರು ನಿಮಿಷಗಳ ಬಿಡಿ ವೀಡಿಯೊಗಳನ್ನಾಗಿ ಮುಂಚೆಯೇ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಬೇಕು. ಸಿಗ್ನಲ್ ಸಿಕ್ಕಿದಾಗ ಅವರು ಇಳಿಸಿಕೊಂಡು ಎಷ್ಟು ಸಲ ಬೇಕಾದರೂ ನೋಡಿಕೊಳ್ಳುವರು. ಎಲ್ಲರೂ ಏಕಕಾಲದಲ್ಲಿ ಸೇರುವ ಹೊತ್ತನ್ನು ಪ್ರಶ್ನೋತ್ತರಕ್ಕೇ ಮೀಸಲಿಡಬೇಕು. ನಮ್ಮ ಉದಾಹರಣೆಯ ಪಾಠಕ್ರಮವನ್ನು ಮೂರು ವಾರಗಳಲ್ಲಿ ಆರು ಪಾಠಗಳಾಗಿ ಹೀಗೆ ಹಂಚಬಹುದು: ರೋಗದ ಗುರುತು ಮತ್ತು ಅದು ಹರಡುವ ರೀತಿ, ಸಾಮಗ್ರಿಗಳ ಆಯ್ಕೆ ಮತ್ತು ಅಳತೆ, ದ್ರಾವಣದ ತಯಾರಿಕೆ, ದ್ರಾವಣದ ಪರೀಕ್ಷೆ, ಸಿಂಪಡಿಸುವ ಕಾಲ, ಕ್ರಮ ಮತ್ತು ಮುನ್ನೆಚ್ಚರಿಕೆ, ಉಳಿದ ಸಂದೇಹಗಳ ಪರಿಹಾರ.

೪. ಮಾತು ಮತ್ತು ಅಳತೆ

ಪಾಠದಲ್ಲಿ ಬಳಸುವ ಮಾತುಗಳು ಕೇಳುವವರ ಮನೆಯ ಮಾತುಗಳಾಗಿರಬೇಕು. ಮಲೆನಾಡಿನವರು ಕೊಳೆಯೆನ್ನುವುದನ್ನು ದಕ್ಷಿಣ ಕನ್ನಡದವರು ಮಹಾಳಿಯೆಂದು ಕರೆಯುವರು. ಎರಡು ಸೀಮೆಯವರೂ ಒಂದೇ ತರಗತಿಯಲ್ಲಿದ್ದರೆ ಎರಡು ಹೆಸರನ್ನೂ ಹೇಳಬೇಕು. "ಶೇಕಡ ಒಂದರ ದ್ರಾವಣ" ಎಂದಷ್ಟೇ ಹೇಳಿ ಮುಂದೆ ಹೋಗಬಾರದು. ೧೦೦ ಲೀಟರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಒಳ್ಳೆಯ ಸುಟ್ಟ ಸುಣ್ಣ. ೫೦ ಲೀಟರ್ ನೀರಿನಲ್ಲಿ ಮೈಲುತುತ್ತವನ್ನು ಕರಗಿಸುವುದು, ಮತ್ತೊಂದು ೫೦ ಲೀಟರಿನಲ್ಲಿ ಅರಳಿಸಿದ ಸುಣ್ಣವನ್ನು ಕದಡಿ ಸೋಸುವುದು. ಎರಡೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುಗಿಸುತ್ತಿರುವುದು ಎಂದು ಬಿಡಿಸಿ ಹೇಳಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದೆಂಬುದನ್ನೂ, ಕಬ್ಬಿಣದ ಅಥವಾ ತಗಡಿನ ಪಾತ್ರೆಯು ಕೂಡದು, ಪ್ಲಾಸ್ಟಿಕ್ಕಿನ ಇಲ್ಲವೆ ಮರದ ಪಾತ್ರೆ ಆಗಬೇಕೆಂಬುದನ್ನೂ, ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸತಕ್ಕದ್ದೆಂಬುದನ್ನೂ ಪ್ರತ್ಯೇಕವಾಗಿ ಒತ್ತಿ ಹೇಳಬೇಕು.

೫. ಚಿತ್ರ ತೆಗೆಯುವ ಕ್ರಮ

ಚಿತ್ರ ತೆಗೆಯಲು ಬೆಲೆಬಾಳುವ ಉಪಕರಣಗಳು ಬೇಕಾಗಿಲ್ಲ. ಒಂದು ಒಳ್ಳೆಯ ಫೋನು, ಅದನ್ನು ಅಲುಗದಂತೆ ನಿಲ್ಲಿಸುವ ಮುಕ್ಕಾಲು ಪೀಠ, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ಇವಿಷ್ಟಿದ್ದರೆ ಸಾಕು. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನರು ಸಹಿಸುವರು. ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಆದುದರಿಂದ ಧ್ವನಿಗೆ ಮೊದಲ ಗಮನ. ತಗಡಿನ ಮಾಡಿನ ಕೆಳಗೆ, ಮಳೆ ಬೀಳುವಾಗ, ಪಂಪು ಓಡುತ್ತಿರುವಾಗ ಧ್ವನಿ ತೆಗೆಯಬಾರದು. ಬೆಳಕು ಮಾಡುವವನ ಮುಂದಿನಿಂದ ಬರಬೇಕು. ಬೆನ್ನ ಹಿಂದಿನಿಂದ ಬಂದರೆ ಮುಖವೂ ಕೈಯೂ ಕಪ್ಪಾಗಿ ಕಾಣುವುವು. ಬೋಧಕರ ಮುಖಕ್ಕಿಂತ ಕೆಲಸ ಮಾಡುವ ಕೈಗಳನ್ನು ಹತ್ತಿರದಿಂದ ತೋರಿಸುವುದು ಮುಖ್ಯ. ಫೋನಿನಲ್ಲಿ ಅತ್ಯುತ್ತಮ ಮಟ್ಟದಲ್ಲಿ ತೆಗೆದ ಒಂದು ನಿಮಿಷದ ವೀಡಿಯೊವು ನೂರು ಎಂ.ಬಿ. ಮೀರುವುದುಂಟು. ಕಳುಹಿಸುವುದಕ್ಕೆ ಮೊದಲು ಅದನ್ನು ಕುಗ್ಗಿಸಿ, ದುರ್ಬಲ ಸಿಗ್ನಲ್ಲಿನಲ್ಲಿಯೂ ಇಳಿಯುವಂತೆ ಮಾಡತಕ್ಕದ್ದು.

ಸರಿಯಾದುದನ್ನು ಮಾತ್ರವಲ್ಲದೆ ತಪ್ಪಾದುದನ್ನೂ ಬೇಕೆಂದೇ ಮಾಡಿ ತೋರಿಸಬೇಕು. ಬಹುಕಾಲ ಗಾಳಿಗೆ ತೆರೆದಿಟ್ಟ ಸುಣ್ಣವು ಸತ್ವ ಕಳೆದುಕೊಂಡಿರುವುದು. ಅದನ್ನು ತೂಕಕ್ಕೆ ಸರಿಯಾಗಿ ಹಾಕಿದರೂ ದ್ರಾವಣದಲ್ಲಿ ತಾಮ್ರದ ಅಂಶ ಬಿಡಿಯಾಗಿ ಉಳಿದು ಎಳೆಗಾಯಿಗಳನ್ನು ಸುಡುವುದು. ಅಂತಹ ದ್ರಾವಣದಲ್ಲಿ, ಹೊಳೆಯುವಂತೆ ತಿಕ್ಕಿದ ಕಬ್ಬಿಣದ ಕುಡುಗೋಲನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅದರ ಮೇಲೆ ಕೆಂಪು ಲೇಪ ಕಾಣುವುದು. ಇನ್ನಷ್ಟು ಸುಣ್ಣದ ನೀರನ್ನು ಸೇರಿಸುತ್ತ, ಕೆಂಪು ಹತ್ತುವುದು ನಿಲ್ಲುವ ತನಕ ಪರೀಕ್ಷಿಸುತ್ತ ಹೋಗಬೇಕು. ಕೆಂಪು ಹತ್ತಿದ ಕುಡುಗೋಲನ್ನೂ ಹತ್ತದ ಕುಡುಗೋಲನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಒಂದು ಚಿತ್ರವು ಹತ್ತು ಪುಟಗಳ ವಿವರಣೆಗೆ ಸಮನಾದುದು.

೬. ಕೈಗೆಲಸ ಮತ್ತು ಪ್ರಶ್ನೆಗಳು

ನೋಡಿದ ಮಾತ್ರಕ್ಕೆ ಕಲಿತಂತಾಗುವುದಿಲ್ಲ. ಮೂರು ಮತ್ತು ನಾಲ್ಕನೆಯ ಪಾಠಗಳ ನಡುವೆ ಪ್ರತಿಯೊಬ್ಬರೂ ಮನೆಯಲ್ಲಿ ೧೦ ಲೀಟರ್ ದ್ರಾವಣವನ್ನು ಮಾಡುವಂತೆ ಕೆಲಸ ಕೊಡಬೇಕು. ಇದಕ್ಕೆ ಬೇಕಾದುದು ೧೦೦ ಗ್ರಾಂ ಮೈಲುತುತ್ತ, ೧೦೦ ಗ್ರಾಂ ಸುಣ್ಣ, ಐದೈದು ಲೀಟರ್ ನೀರು, ಎರಡು ಪ್ಲಾಸ್ಟಿಕ್ ಬಕೀಟು. ಖರ್ಚು ಅಲ್ಪ, ತಪ್ಪಿದರೂ ನಷ್ಟ ಸ್ವಲ್ಪವೇ. ಕುಡುಗೋಲಿನ ಪರೀಕ್ಷೆಯ ಫೋಟೋವನ್ನು ತೆಗೆದು ಕಳುಹಿಸಬೇಕು. ಬೋಧಕರು ಒಂದೊಂದು ಫೋಟೋವಿಗೂ ಮಾರನೆಯ ದಿನದೊಳಗೆ ಉತ್ತರ ಕೊಡತಕ್ಕದ್ದು. ಇದನ್ನು ಲೆಕ್ಕಹಾಕಿಯೇ ತರಗತಿಗೆ ಎಷ್ಟು ಮಂದಿಯನ್ನು ಸೇರಿಸಿಕೊಳ್ಳಬೇಕೆಂಬುದನ್ನು ನಿಶ್ಚಯಿಸಬೇಕು. ಉತ್ತರ ಕೊಡಲಾಗದಷ್ಟು ಜನರನ್ನು ಸೇರಿಸಿಕೊಳ್ಳುವುದಕ್ಕಿಂತ ಮೂವತ್ತು ಮಂದಿಗೆ ನೆಟ್ಟಗೆ ಕಲಿಸುವುದು ಮೇಲು.

ಪ್ರತಿ ಪಾಠವನ್ನೂ ಹಿಂದಿನ ಪಾಠದ ಮೇಲಿನ ಮೂರು ಪ್ರಶ್ನೆಗಳಿಂದ ಆರಂಭಿಸುವುದು ಒಳ್ಳೆಯದು. ಓದಿದುದನ್ನೇ ಮತ್ತೆ ಓದಿದವರಿಗಿಂತ, ಓದಿದುದನ್ನು ನೆನಪಿನಿಂದ ತೆಗೆದು ಹೇಳಲು ಯತ್ನಿಸಿದವರು ಒಂದು ವಾರದ ತರುವಾಯ ಹೆಚ್ಚು ವಿಷಯವನ್ನು ನೆನಪಿನಲ್ಲಿಟ್ಟುಕೊಂಡಿದ್ದರೆಂಬುದು ೨೦೦೬ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ನಡೆಸಿದ ಪ್ರಯೋಗಗಳಿಂದ ತಿಳಿದುಬಂದಿದೆ. ಪ್ರಶ್ನೆಗಳು ಕೆಲಸಕ್ಕೆ ಸಂಬಂಧಿಸಿದವಾಗಿರಲಿ: "ನಿಮ್ಮ ಪೀಪಾಯಿ ೪೦ ಲೀಟರಿನದು, ಮೈಲುತುತ್ತ ಎಷ್ಟು ಬೇಕು?" ೪೦೦ ಗ್ರಾಂ ಎಂದು ತಟ್ಟನೆ ಹೇಳಿದವನು ಅಳತೆಯನ್ನು ಅರಿತವನು. ತಪ್ಪಿ ಹೇಳಿದವರನ್ನು ಹತ್ತು ಜನರ ಮುಂದೆ ನಗೆಗೀಡುಮಾಡಬಾರದು. ಬಿಳಿಗೂದಲಿನ ಹಿರಿಯರು ಒಮ್ಮೆ ನೊಂದುಕೊಂಡರೆ ಮತ್ತೆ ಬಾಯಿ ತೆರೆಯುವುದಿಲ್ಲ.

೭. ತಾಲೀಮು ಮತ್ತು ಬದಲಿ ಏರ್ಪಾಡು

ಪಾಠ ಆರಂಭವಾಗುವ ಒಂದು ವಾರ ಮೊದಲು ಇಬ್ಬರು ಮೂವರನ್ನು ಕೂಡಿಸಿಕೊಂಡು ತಾಲೀಮು ನಡೆಸಬೇಕು. ಅವರಲ್ಲಿ ಒಬ್ಬರಾದರೂ ಹಳೆಯ ಫೋನು ಮತ್ತು ಕೆಟ್ಟ ಸಿಗ್ನಲ್ ಉಳ್ಳವರಾಗಿರಲಿ. ಮೊದಲ ತರಗತಿಯ ಅರ್ಧ ಹೊತ್ತು "ಕೇಳಿಸುತ್ತದೆಯೇ, ಕಾಣಿಸುತ್ತದೆಯೇ" ಎಂಬುದರಲ್ಲಿಯೇ ಕಳೆಯದಂತೆ, ತರಗತಿಗೆ ಸೇರುವ ಕ್ರಮವನ್ನು ಒಂದು ಸಣ್ಣ ವೀಡಿಯೊದಲ್ಲಿ ಮೊದಲೇ ತೋರಿಸಿರಬೇಕು. ಬೋಧಕರು ಮಾತನಾಡುತ್ತಿರುವಾಗ ಬರುವ ಸಂದೇಶಗಳನ್ನು ನೋಡಿ ಪ್ರಶ್ನೆಗಳನ್ನು ಆರಿಸಿಕೊಡಲು ಸಹಾಯಕರೊಬ್ಬರು ಬೇಕು. ಒಬ್ಬರೇ ಎರಡನ್ನೂ ಮಾಡಲು ಹೋದರೆ ಎರಡೂ ಕೆಡುವುವು. ಸಂಪರ್ಕ ಕಡಿದುಹೋದರೆ ಏನು ಮಾಡಬೇಕೆಂಬುದನ್ನು ಎಲ್ಲರಿಗೂ ಮುಂಚೆಯೇ ತಿಳಿಸಿರಬೇಕು. ಅಳತೆಗಳನ್ನೂ ಕ್ರಮವನ್ನೂ ಒಂದೇ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ ಮನೆಗಳಿಗೆ ಮುಟ್ಟಿಸಿದರೆ, ಫೋನು ಸತ್ತರೂ ಪಾಠ ಉಳಿಯುವುದು.

೮. ದೂರದಿಂದ ಕಲಿಸಲಾಗದ ವಿಷಯಗಳು

ಆನ್‌ಲೈನ್ ಪಾಠದ ಮೇರೆಯನ್ನು ಬೋಧಕರು ತಾವೂ ತಿಳಿದು, ಕಲಿಯುವವರಿಗೂ ತಿಳಿಸಬೇಕು. ಮಳೆಗೆ ಜಾರುವ ಅಡಕೆ ಮರವನ್ನು ಏರುವುದನ್ನಾಗಲಿ, ಉದ್ದನೆಯ ದೋಟಿಯನ್ನು ನೆಲದಿಂದಲೇ ಹಿಡಿದು ಗೊನೆಗೆ ಗುರಿಯಿಡುವುದನ್ನಾಗಲಿ ತೆರೆಯ ಮೇಲೆ ನೋಡಿ ಕಲಿಯಲಾಗದು. ಅದನ್ನು ಬಲ್ಲವರ ಜೊತೆಯಲ್ಲಿ ತೋಟದಲ್ಲಿಯೇ ಕಲಿಯತಕ್ಕದ್ದು. ಅದಕ್ಕಾಗಿ ಊರಿಗೊಬ್ಬ ಅನುಭವಸ್ಥನನ್ನು ಗೊತ್ತುಮಾಡಿಕೊಂಡಿರುವುದು ಪಾಠದ ಸಿದ್ಧತೆಯ ಒಂದು ಭಾಗವೇ ಸರಿ. ಆದರೆ ಎಚ್ಚರಿಕೆಗಳನ್ನು ದೂರದಿಂದಲೂ ಹೇಳಬಹುದು, ಹೇಳಲೇಬೇಕು. ಮೈಲುತುತ್ತವು ವಿಷ, ಅದು ಕಣ್ಣಿಗೆ ಬೀಳದಂತೆ ಕನ್ನಡಕ, ಕೈಗೆ ಗವಸು ಇರಬೇಕು. ಅಡಿಗೆಮನೆಯ ಪಾತ್ರೆಗಳನ್ನು ಮುಟ್ಟಿಸಬಾರದು. ಮಕ್ಕಳನ್ನೂ ದನಕರುಗಳನ್ನೂ ದೂರವಿಡಬೇಕು. ಪೀಪಾಯಿಯನ್ನು ಹಳ್ಳದಲ್ಲಿ ತೊಳೆದರೆ ಮೀನುಗಳು ಸಾಯುವುವು.

೯. ಕಾಲದ ಲೆಕ್ಕ

ಈ ಪಾಠಕ್ರಮದ ಕೊನೆಯ ದಿನವನ್ನು ಗೊತ್ತುಮಾಡುವವರು ಬೋಧಕರಲ್ಲ, ಮುಂಗಾರು ಮಳೆ. ಮೊದಲನೆಯ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮುಂಚೆ, ಎರಡನೆಯದು ಅದಾದ ೪೦-೪೫ ದಿನಗಳಿಗೆ ಆಗಬೇಕು. ಮಳೆ ಲಂಬಿಸಿದರೆ ಮೂರನೆಯದೂ ಬೇಕಾಗುವುದು. ಮುಂಗಾರು ಕೇರಳಕ್ಕೆ ಸಾಮಾನ್ಯವಾಗಿ ಜೂನ್ ೧ರ ಸುಮಾರಿಗೆ ಬರುವುದು. ಅಲ್ಲಿಂದ ಕೆಲವು ದಿನಗಳಲ್ಲಿ ನಮ್ಮ ಕರಾವಳಿಗೆ ಮುಟ್ಟುವುದು. ಆದರೆ ೨೦೨೫ರಲ್ಲಿ ಅದು ಮೇ ೨೪ರಂದೇ ಕೇರಳವನ್ನು ಪ್ರವೇಶಿಸಿತು. ಆದುದರಿಂದ ಪಾಠವು ಮೇ ೧೦ರೊಳಗೆ ಮುಗಿದು, ಸಾಮಗ್ರಿ ತರುವುದಕ್ಕೂ ಕೊನೆಗಾರರನ್ನು ಗೊತ್ತುಮಾಡುವುದಕ್ಕೂ ಅವಕಾಶ ಉಳಿಯಬೇಕು. ಇದರಿಂದ ಹಿಂದಕ್ಕೆ ಎಣಿಸಿದರೆ:

ಮಾರ್ಚ್ ಮೂರನೆಯ ವಾರ: ಉದ್ದೇಶ ನಿರ್ಣಯ, ಕಲಿಯುವವರೊಡನೆ ಫೋನಿನಲ್ಲಿ ಮಾತು.
ಮಾರ್ಚ್ ಕೊನೆಯ ವಾರ: ಪಾಠಗಳ ವಿಂಗಡಣೆ, ಅಚ್ಚಿನ ಪುಟದ ತಯಾರಿ.
ಏಪ್ರಿಲ್ ಮೊದಲ ವಾರ: ವೀಡಿಯೊಗಳನ್ನು ತೆಗೆಯುವುದು.
ಏಪ್ರಿಲ್ ಎರಡನೆಯ ವಾರ: ತಾಲೀಮು, ತಿದ್ದುಪಡಿ.
ಏಪ್ರಿಲ್ ೨೦ರಿಂದ ಮೇ ೧೦ರ ವರೆಗೆ: ಪಾಠಗಳು.

೧೦. ಪಾಠದ ಫಲವನ್ನು ಅಳೆಯುವ ರೀತಿ

ಆನ್‌ಲೈನ್ ಪಾಠಕ್ರಮಗಳಿಗೆ ಹೆಸರು ಕೊಡುವವರು ಬಹಳ, ಮುಗಿಸುವವರು ಕೆಲವರೇ. ಯಾರು ಬೇಕಾದರೂ ಸೇರಬಹುದಾದ ದೊಡ್ಡ ಪಾಠಕ್ರಮಗಳಲ್ಲಿ ನೂರಕ್ಕೆ ಹತ್ತು ಮಂದಿಯೂ ಮುಗಿಸದಿರುವುದೇ ಹೆಚ್ಚು. ಆದುದರಿಂದ ಎರಡು ತರಗತಿಗಳಿಗೆ ಬಾರದವರಿಗೆ ಸಹಾಯಕರು ಫೋನು ಮಾಡಿ, ಅಡ್ಡಿಯೇನೆಂದು ವಿಚಾರಿಸುವ ಏರ್ಪಾಡು ಮೊದಲಿನಿಂದಲೇ ಇರಬೇಕು. ಹಾಜರಿಯ ಪಟ್ಟಿಯಿಂದಾಗಲಿ, ಹಂಚಿದ ಪ್ರಮಾಣಪತ್ರಗಳಿಂದಾಗಲಿ ಪಾಠದ ಫಲವನ್ನು ಅಳೆಯಲಾಗದು. ಜೂನ್ ತಿಂಗಳಲ್ಲಿ ಪ್ರತಿಯೊಬ್ಬರನ್ನೂ ಕೇಳಬೇಕಾದ ಪ್ರಶ್ನೆಗಳು ಮೂರೇ: ದ್ರಾವಣವನ್ನು ಮಾಡಿದಿರಾ? ಕುಡುಗೋಲನ್ನು ಅದ್ದಿ ನೋಡಿದಿರಾ? ಮಳೆಗೆ ಮುಂಚೆ ಹೊಡೆಸಿದಿರಾ? ಬಂದ ಉತ್ತರಗಳನ್ನು ಬರೆದಿಟ್ಟುಕೊಂಡರೆ, ಎಲ್ಲಿ ಪಾಠ ನಾಟಿದೆ, ಎಲ್ಲಿ ಸೋರಿಹೋಗಿದೆಯೆಂಬುದು ಮುಂದಿನ ವರ್ಷದ ಬೋಧಕರಿಗೆ ತಿಳಿಯುವುದು.

ಕೊಳೆರೋಗವು ಕಾಯಿಗೆ ಹತ್ತಿದ ಮೇಲೆ ಮಾಡುವ ಸಿಂಪಡಣೆ ಉಳಿದ ಕಾಯಿಗಳನ್ನು ಕಾಪಾಡಬಹುದೇ ಹೊರತು ಕೊಳೆತುದನ್ನು ಮರಳಿ ತಾರದು. ಕಲಿಸುವ ಕೆಲಸವೂ ಹಾಗೆಯೇ. ಪಾಠ ಆರಂಭವಾದ ಮೇಲೆ ಸಿದ್ಧತೆಗೆ ತೊಡಗಿದರೆ ಕಳೆದುಹೋದ ತರಗತಿಗಳು ಹಿಂದಿರುಗಲಾರವು. ಬೇರೆ ಬೆಳೆಗಳನ್ನು ಕುರಿತು ಪಾಠಕ್ರಮ ನಡೆಸುವವರೂ ಮೇಲೆ ಕಾಣಿಸಿದ ಕ್ರಮವನ್ನು ತಮ್ಮ ವಿಷಯಕ್ಕೂ ತಮ್ಮ ಸೀಮೆಯ ಮಳೆಗಾಲಕ್ಕೂ ಹೊಂದಿಸಿಕೊಂಡು ಅನುಸರಿಸಬಹುದು. ಬಿತ್ತನೆಗೆ ಮುಂಚೆ ಭೂಮಿಯನ್ನು ಹದಮಾಡುವ ರೈತನಿಗೆ ಈ ಮಾತನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅವನಿಗೆ ಕಲಿಸಹೊರಟವರು ಇದನ್ನು ಅವನಿಂದಲೇ ಕಲಿಯತಕ್ಕದ್ದು.